ಅವ್ವ ಒಡ್ಡಿದ ಸೆರಗು

ಆಗೆಲ್ಲ ಸಿರುಗುಪ್ಪದ ಸುತ್ತ ಭತ್ತದ ರಾಶಿಯನ್ನು ಕಣದಲ್ಲೇ ಅಳೆಯುತ್ತಿದ್ದರು. ಹೊಸ ಹುಲ್ಲಿನ ವಾಸನೆ ಊರಿಗೆಲ್ಲ ಹಬ್ಬುತ್ತಿತ್ತು. ನಾವು ಹುಡುಗಿಯರು ಬಣವೆಯ ಮೇಲಿಂದ ಜಾರಿ, ಮೈ ಕೆರೆದುಕೊಳ್ಳುತ್ತ ಮನೆಗೆ ಬಂದು ಬೈಸಿಕೊಳ್ಳುತ್ತಿದ್ದೆವು.

ಅಪ್ಪ ಗೌಡರ ಮನೆಯ ಜೀತದಿಂದ ಬಿಡುಗಡೆಯಾಗಿದ್ದ. ಸರಕಾರ ಅವನಿಗೊಂದು ಎಮ್ಮೆ ಕೊಟ್ಟಿತ್ತು. ಮೇವು ಎಲ್ಲಿಂದ ತರಬೇಕೆಂದು ಮಾತ್ರ ಹೇಳಿರಲಿಲ್ಲ. ಅದಕ್ಕೇ ಅಪ್ಪ ಅದೇ ಗೌಡರ ಗದ್ದೆಯನ್ನು ಪಾಲಿಗೆ ಮಾಡಿದ. ಕಾಳಿನಲ್ಲೂ ಅರ್ಧ, ಹುಲ್ಲಿನಲ್ಲೂ ಅರ್ಧ ಎಂದು ಬಾಯಿಮಾತಾಗಿತ್ತು. ಎಮ್ಮೆ ಗಬ್ಬವಾಗಿತ್ತು. "ಈದ ಮ್ಯಾಲ ಬೆಲ್ಲ ಹಾಕಿ ಗಿಣ್ಣ ಮಾಡ್ತೀನಿ" ಎಂದು ಅವ್ವ ಹೇಳಿದಾಗಿನಿಂದ ನನಗೆ ಬಾಯಲ್ಲಿ ನೀರು.

ಅಳತೆಯ ದಿನ ಮೊದಲ ಅಳತೆಗೆ ಒಂದು ಎನ್ನದೆ 'ಲಾಭ' ಎಂದರು. ಕಾಳು ಎರಡು ರಾಶಿಯಾಯಿತು. ಕಡೆಗೆ ನೆಲದಲ್ಲಿ ಉಳಿದ ಮಣ್ಣುಕಾಳನ್ನು ಗುಡಿಸಿ ಗೌಡರು ಮೊರ ಎತ್ತಿದರು. ಆ ಕಾಳು ಜೀತದಾಳಿನ ಹೆಂಡತಿಗೆ ಸಲ್ಲುವುದು ಹಳೆಯ ಪದ್ಧತಿ. ಅವ್ವ ರೂಢಿಯಂತೆ ಸೆರಗು ಒಡ್ಡಿಬಿಟ್ಟಳು.

"ಒಡ್ಡಬ್ಯಾಡ! ನಾವೀಗ ಆಳಲ್ಲ!" ಎಂದು ಅಪ್ಪ ಕೂಗುವಷ್ಟರಲ್ಲಿ ಕಾಳು ಬಿದ್ದಾಗಿತ್ತು.

ಗೌಡರು ನಕ್ಕರು. "ಕಣದ ಕಾಳು ಹಿಡದೋರು ಆಳೇ. ಅಳದ ಕಾಳು ಒಯ್ಯಿ, ಆಳಿಗೆ ಹುಲ್ಲಿನಾಗ ಎಲ್ಲೈತಿ ಪಾಲು?"

"ಮಾತು ಕೊಟ್ಟಿದ್ರಲ್ರೀ ಗೌಡ್ರ!" ಎಂದ ಅಪ್ಪ.

"ಪಾಲುದಾರಗ ಕೊಟ್ಟಿದ್ದೆ. ನೀನು ಪಾಲುದಾರ ಆಗಿದ್ರ ನಿನ್ನ ಹೇಣ್ತಿ ಸೆರಗು ಒಡ್ತಿದ್ಳೇನು?"

ಅವ್ವ ಕಾಳನ್ನೆಲ್ಲ ಮತ್ತೆ ನೆಲಕ್ಕೆ ಸುರಿದಳು. ಏನು ಬಂತು? ಕಣದಲ್ಲಿದ್ದ ಹಿರಿಯರು "ಪದ್ಧತಿ ಹಂಗೈತಪ್ಪ" ಎಂದು ಬೀಡಿ ಹಚ್ಚಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ಮೇವಿಲ್ಲದೆ, ಇನ್ನೇನು ಈಯಲಿದ್ದ ಎಮ್ಮೆಯನ್ನು ಕುರುಗೋಡಿನವನೊಬ್ಬನಿಗೆ ಮಾರಿದರು. ಗಿಣ್ಣ ಅವನ ಮಕ್ಕಳ ಪಾಲಾಯಿತು.

ಈಗ ಬಳ್ಳಾರಿಯಿಂದ ಊರಿಗೆ ಹೋದರೆ ಕಣವೇ ಇಲ್ಲ. ಯಂತ್ರ ಕೊಯ್ದು ಕಾಳು ಸುರಿಯುತ್ತದೆ. ಬಣವೆಯೂ ಇಲ್ಲ, ಜಾರುವ ಮಕ್ಕಳೂ ಇಲ್ಲ. ಸೆರಗು ಒಡ್ಡುವ ಪದ್ಧತಿ ಹೋದದ್ದಕ್ಕೆ ನನಗೇನೂ ದುಃಖವಿಲ್ಲ. ಆದರೆ ಹೋದ ಸುಗ್ಗಿಯಲ್ಲಿ ಅದೇ ಗದ್ದೆಯ ಹುಲ್ಲಿಗೆ ಗೌಡರ ಮೊಮ್ಮಗ ಬೆಂಕಿ ಇಟ್ಟಿದ್ದ.

"ಯಾಕಪ್ಪಾ ಸುಡ್ತೀ?" ಎಂದೆ.

"ಇದು ಯಾರಿಗ್ ಬೇಕಕ್ಕಾ?" ಎಂದ.

ಪಕ್ಕದಲ್ಲಿದ್ದ ಅವ್ವ ಹೊಗೆಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು, ಕೆಮ್ಮುತ್ತ ಹೇಳಿದಳು:

"ನಮಗ ಬೇಕಿತ್ತಪ್ಪಾ."