ಬಿತ್ತನೆ ರಾಗಿಗೆ ಬೆರೆಸಿದ ಮರಳು

ಪಕ್ಕದ ಮನೆಯಾಕೆ ನಮಗೆಲ್ಲ ಅಕ್ಕ. ಬಿತ್ತನೆ ರಾಗಿಗೆ ಔಷಧಿ ಪುಡಿ ಹಾಕುವಾಗ ಅವರು ಮೂಗಿಗೆ ಸೆರಗು ಬಿಗಿದು, ಬಾಯಿ ಕಟ್ಟಿದ ಮಡಕೆಯನ್ನು ಅಂಗಳದಲ್ಲಿ ಉರುಳಿಸುತ್ತಿದ್ದರು. ಬೀಜಕ್ಕಂಟಿದ ಬೂಷ್ಟು ಸಾಯದಿದ್ದರೆ ಪೈರಿಗೆ ಬೆಂಕಿ ರೋಗ. ಪುಡಿ ಎಲ್ಲ ಕಾಳಿಗೂ ಹತ್ತಿತೇ ಎಂದು ಸದ್ದು ಕೇಳಿಯೇ ತಿಳಿಯುತ್ತಿದ್ದರು. ಹೊಸ ನಿಲ್ದಾಣಕ್ಕೆ ಇಳಿಯುವ ವಿಮಾನ ನಮ್ಮ ಬೂದಿಗೆರೆಯ ಮೇಲೆ ಗುಡುಗಿದರೆ, ಅದು ಹೋಗುವವರೆಗೂ ಕೈ ನಿಲ್ಲಿಸಿ ಕಾಯುತ್ತಿದ್ದರು.

ಕೊನೆಗೆ ಬೊಗಸೆ ತುಂಬ ಮರಳು ಬೆರೆಸಿ ಚೀಲಕ್ಕೆ ತುಂಬುತ್ತಿದ್ದರು.

“ಕಾಳು ಸಮನಾಗಿ ಬೀಳ್ಲಿ ಅಂತ ಬಿತ್ತೋ ದಿನ ಹೇಗೂ ಸೇರಿಸ್ತೀವಲ್ಲ, ಈಗ್ಲೇ ಯಾಕಕ್ಕಾ?” ಎಂದು ಅಮ್ಮ ಕೇಳುವರು.

“ಇರ್ಲಿ ಬಿಡೇ, ಮರಳೇನು ಕೂಳು ಕೇಳುತ್ತಾ?”

ಮಿಲ್ಲಿಗೆ ಹೋಗುವವರು ಎರಡೂ ಮನೆಯ ರಾಗಿ ಒಯ್ಯುವುದು ನಮ್ಮ ರೂಢಿ. ಔಷಧಿ ಹತ್ತಿದ ರಾಗಿಯೂ ನೋಡಲು ರಾಗಿಯೇ. ಒಂದು ದಿನ ಅಕ್ಕ ಹೊಲಕ್ಕೆ ಹೋಗಿದ್ದಾಗ ಅಮ್ಮ ಅವರ ಜಗಲಿಯ ಮೇಲಿದ್ದ ಚೀಲವನ್ನೂ ಹೊತ್ತು ನಡೆದರು. ಅಕ್ಕ ಮನೆಗೆ ಬರುವಷ್ಟರಲ್ಲಿ ಸಿಡಿಮಿಡಿಗುಟ್ಟುತ್ತ ಹಾಗೇ ವಾಪಸು ತಂದರು.

“ಏನಕ್ಕಾ ಇದು, ರಾಗಿ ತುಂಬಾ ಮರಳು! ಕಲ್ಲು ಹಾಳಾಗುತ್ತೆ ಅಂತ ಮಿಲ್ಲಿನವನು ಬೈದು ಕಳಿಸ್ಬಿಟ್ಟ.”

ಚೀಲ ನೋಡಿದ್ದೇ ಅಕ್ಕ ಅದನ್ನು ಅಮ್ಮನ ಕೈಯಿಂದ ಕಿತ್ತುಕೊಂಡರು. “ಅಯ್ಯೋ, ಅದು ಔಷಧಿ ಹಾಕಿದ ಬೀಜ ಕಣೇ!”

ಆಮೇಲೆ ಅಮ್ಮನನ್ನು ಬಚ್ಚಲಿಗೆ ಎಳೆದೊಯ್ದು, ಸೋಪು ಹಚ್ಚಿ ತಾವೇ ಕೈ ತೊಳೆಸುತ್ತ ನಗತೊಡಗಿದರು. “ಸದ್ಯ, ಬೈಸ್ಕೊಂಡು ಬಂದ್ಯಲ್ಲ.”

ಮುಂದಿನ ಬಿತ್ತನೆಗೆ ಅಮ್ಮ ನಮ್ಮ ಮಡಕೆಗೂ ಬೊಗಸೆ ಬೊಗಸೆ ಮರಳು ಸುರಿದರು. ಅಷ್ಟೊಂದು ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ ತಲೆಯನ್ನೂ ಎತ್ತಲಿಲ್ಲ.

“ಇರ್ಲಿ ಬಿಡ್ರೀ, ಮರಳೇನು ಕೂಳು ಕೇಳುತ್ತಾ?”