ಸಲೋಮಿ ವಾಪಸ್ ಪಡೆದ ಸಾಕ್ಷಿ

ಸಲೋಮಿಯ ಕೋಪ ಹೋಗಿದೆ ಎಂಬುದು ಬಾಳ್ಳುಪೇಟೆಯ ಆ ಸಣ್ಣ ಕ್ರೈಸ್ತ ಸಭೆಗೆಲ್ಲ ಗೊತ್ತಿತ್ತು. ಹೋಗಿಲ್ಲ ಎಂಬುದು ಗೊತ್ತಿದ್ದದ್ದು ಸಲೋಮಿಗೆ ಮಾತ್ರ.

ಹೋಗಿದೆ ಎಂದು ಹೇಳಿದವಳೂ ಅವಳೇ. ಹಿಂದಿನ ವರ್ಷ ಉಜ್ಜೀವನ ಕೂಟಕ್ಕೆ ಹೊರಗಿನಿಂದ ಪ್ರಸಂಗಿಯೊಬ್ಬರು ಬಂದಿದ್ದರು. ಕೊನೆಯಲ್ಲಿ ಸಾಕ್ಷಿ ಹೇಳುವ ಹೊತ್ತು. ಸಾಕ್ಷಿ ಹೇಳುವುದಕ್ಕೆ ಸಭೆಯಲ್ಲಿ ಒಂದು ರೀತಿ ಇದೆ. ಮೊದಲು ಹೀಗಿದ್ದೆ, ಕರ್ತನು ಮುಟ್ಟಿದನು, ಈಗ ಹಾಗಿಲ್ಲ ಎನ್ನಬೇಕು. ಕುಡಿತ ಬಿಟ್ಟವರು, ಇಸ್ಪೀಟು ಬಿಟ್ಟವರು ಹಾಗೆ ಹೇಳಿ ಕೂತರು. ಗಂಡಸರಿಗೆ ಬಿಡಲು ಏನೇನೋ ಇತ್ತು. ಹೆಂಗಸರ ಸರದಿ ಬಂದಾಗ ಒಬ್ಬಳು ಸೀರಿಯಲ್ ಬಿಟ್ಟೆ ಎಂದಳು, ಇನ್ನೊಬ್ಬಳು ಚಾಡಿ ಬಿಟ್ಟೆ ಎಂದಳು. ಸಲೋಮಿ ಎದ್ದು, "ನಂಗೆ ಬಾಳ ಕೋಪ ಇತ್ತು. ಕರ್ತನು ತೆಗೆದುಹಾಕ್ದ" ಎಂದಳು. ಬೇಕೆಂದು ಸುಳ್ಳು ಹೇಳಿದ್ದಲ್ಲ, ಆ ಹೊತ್ತಿಗೆ ಎದೆ ನಿಜವಾಗಿಯೂ ಹಗುರಾಗಿತ್ತು. ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಗಂಡ ಸಾಮುವೇಲ.

ಮರುದಿನ ಬೆಳಿಗ್ಗೆಯೇ ಅವನಿಗೆ ಆ ಸಾಕ್ಷಿ ಉಪಯೋಗಕ್ಕೆ ಬಂತು. ಒಲೆಯ ಮುಂದೆ ಕೂತಿದ್ದವಳು, ಸ್ನಾನಕ್ಕೆ ನೀರು ನೀವೇ ತೋಡಿಕೊಳ್ಳಿ ಎಂದು ಸ್ವಲ್ಪ ಗಟ್ಟಿಯಾಗಿ ಅಂದಿದ್ದಳು. "ಕೋಪ ಹೋಯ್ತು ಅಂತ ಇಡೀ ಸಭೆ ಮುಂದೆ ಹೇಳಿದ್ಯಲ್ಲೇ" ಎಂದ. ನಗುತ್ತಲೇ ಅಂದ. ಅವಳೂ ನಕ್ಕು ನೀರು ತೋಡಿಟ್ಟಳು. ಆಮೇಲೆ ಸೌದೆ ಸೀಳಿ ಎಂದರೂ ಅದೇ ಮಾತು, ತಿಂದ ತಟ್ಟೆ ಎತ್ತಿಡಿ ಎಂದರೂ ಅದೇ ಮಾತು.

ಸಾಮುವೇಲ ಕೆಟ್ಟವನಲ್ಲ. ಎಸ್ಟೇಟಿನ ಟ್ರ್ಯಾಕ್ಟರ್ ಓಡಿಸುತ್ತಾನೆ, ಸಭೆಯಲ್ಲಿ ಹಾಡು ಎತ್ತಿಕೊಡುತ್ತಾನೆ. ಕುಡಿಯಲ್ಲ, ಹೊಡೆಯಲ್ಲ, ಇನ್ನೇನು ಬೇಕು ನಿಂಗೆ ಎಂದು ಸಲೋಮಿಯ ತವರಿನವರೇ ಕೇಳುತ್ತಿದ್ದರು. ಅವಳು ಹೊಂಗಡಹಳ್ಳದ ಕಡೆಯಿಂದ ಮದುವೆಯಾಗಿ ಎಸ್ಟೇಟ್ ಆಳುಗಳ ಈ ಲೈನ್ ಮನೆಗೆ ಬಂದವಳು. ಮಗಳನ್ನು ಮಗ್ಗೆಗೆ ಕೊಟ್ಟಾಗಿದೆ. ಮನೆಯಲ್ಲಿ ಉಳಿದವರು ಗಂಡ, ಹೆಂಡತಿ, ಮಂಚ ಹಿಡಿದ ಅತ್ತೆ ರಾಹೇಲಮ್ಮ.

ರಾಹೇಲಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಆಪರೇಷನ್ ಆದರೂ ಕಾಲು ಊರಲಾಗಲಿಲ್ಲ. ಡೈಪರ್ ಹಾಕಿದರೆ ಮೈಗೆ ಬೊಬ್ಬೆ ಬರುತ್ತಿತ್ತು. ಹಾಗಾಗಿ ಹಳೆಯ ಸೀರೆ ಹರಿದ ಬಟ್ಟೆ. ಸಲೋಮಿ ಕೋಳಿ ಕೂಗುವ ಮೊದಲು ಎದ್ದು ಅದನ್ನು ಬದಲಾಯಿಸಿ, ಅತ್ತೆಯ ಮೈ ಒರೆಸಿ, ಮಗ್ಗುಲು ತಿರುಗಿಸಿ, ಬಟ್ಟೆ ಒಗೆದು, ರೊಟ್ಟಿ ತಟ್ಟಿ, ಮಧ್ಯಾಹ್ನದ ಅನ್ನವನ್ನೂ ಮಾಡಿಟ್ಟು ಎಸ್ಟೇಟಿನ ಸ್ಟೋರಿಗೆ ಹೋಗುತ್ತಿದ್ದಳು. ಅಲ್ಲಿ ಹೆಂಗಸರ ಸಾಲಿನಲ್ಲಿ ಕೂತು ಕಾಫಿ ಬೀಜದಿಂದ ಕಪ್ಪು ಬೀಜ ಆರಿಸುವ ಕೆಲಸ. ಊಟದ ಬಿಡುವಿನಲ್ಲಿ ಓಡಿಬಂದು ಮತ್ತೊಮ್ಮೆ ಬಟ್ಟೆ. ಸಂಜೆ ಮತ್ತೆ.

ಸಂಜೆ ಸಾಮುವೇಲನದೂ ಒಂದು ಕೆಲಸವಿತ್ತು. ತಾಯಿಯ ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುವುದು. ಬಹಳ ಚೆನ್ನಾಗಿ ಮಾಡುತ್ತಿದ್ದ, ಕೇಳಿದವರ ಕಣ್ಣು ತುಂಬುತ್ತಿತ್ತು. ಅದರ ಫೋಟೋ ಸಭೆಯ ವಾಟ್ಸ್ಯಾಪ್ ಗುಂಪಿಗೆ ಹೋಗುತ್ತಿತ್ತು. ತೆಗೆಯುವವಳು ಸಲೋಮಿ, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು. ಎಂಥ ಮಗ, ಎಂಥ ಮಗ ಎಂದು ಉತ್ತರಗಳು ಬರುತ್ತಿದ್ದವು. ಒಮ್ಮೆ ಅಂಚಿನಲ್ಲಿ ಅವಳ ಬಟ್ಟೆಯ ಬಕೆಟ್ಟೂ ಸಿಕ್ಕಿಬಿದ್ದಿತ್ತು. ಮುಂದಿನ ಸಲ ಅವನು ಬಕೆಟ್ ಸರಿಸಿ ತೆಗೆಸಿದ. ಆ ಮನೆಯಲ್ಲಿ ಅವನು ಬಕೆಟ್ ಮುಟ್ಟಿದ್ದು ಅದೊಂದೇ ಸಲ.

ಹೊಸ ವರ್ಷದ ಆರಾಧನೆಯಲ್ಲಿ ಒಂದು ಡಬ್ಬಿಯಿಂದ ಎಲ್ಲರೂ ಒಂದೊಂದು ವಾಗ್ದಾನದ ಕಾರ್ಡ್ ಎತ್ತುತ್ತಾರೆ. ಯಾರಿಗೆ ಯಾವ ವಾಕ್ಯ ಬಂತೋ ಅದು ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ಮಾತು. ಸಲೋಮಿಗೆ ಬಂದದ್ದು, ನಿನ್ನಲ್ಲಿ ಶುರುಮಾಡಿದ ಕೆಲಸವನ್ನು ನಾನು ಮುಗಿಸುತ್ತೇನೆ ಎಂಬ ಅರ್ಥದ ವಾಕ್ಯ. ಅದನ್ನು ಅಡುಗೆಮನೆಯಲ್ಲಿ ಉಪ್ಪಿನ ಭರಣಿಯ ಮೇಲೆ ಅಂಟಿಸಿ, ಆಮೇಲೆ ಅದರ ಕಡೆ ನೋಡಲೂ ಹೊತ್ತಿಲ್ಲದೆ ಓಡಾಡಿದಳು.

ಸಂಕ್ರಾಂತಿ ಕಳೆದ ಮೇಲೊಂದು ಮಧ್ಯಾಹ್ನ ಸ್ಟೋರಿನಿಂದ ಬಂದು, ಚಾ ಲೋಟ ಹಿಡಿದು ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಒಂದು ಗಳಿಗೆ ಕೂತಳು. ಒಳಗಿಂದ ಅತ್ತೆಯ ದನಿ ಬಂತು. "ಸಲೋಮಿ, ಒದ್ದೆಯಾಗೈತೆ." ಏಳಬೇಕು ಅಂದುಕೊಂಡಳು, ಏಳಲಿಲ್ಲ. ಮತ್ತೆ ಕೂಗಿದಳು ಮುದುಕಿ. ಸಲೋಮಿ ಕೂತೇ ಇದ್ದಳು. ಮೊದಲು ಅದು ಸುಸ್ತು. ಮೂರನೆಯ ಕೂಗಿಗೆ ಅದು ಸುಸ್ತಾಗಿರಲಿಲ್ಲ, ಅವಳಿಗೇ ಗೊತ್ತಾಯಿತು. ಒಳಗೆ ಒಂದು ಜೀವ ತನಗಾಗಿ ಕಾಯುತ್ತಿದೆ, ತಾನು ಹೋಗುತ್ತಿಲ್ಲ. ಅದರಲ್ಲಿ ಒಂದು ರುಚಿ ಇತ್ತು. ಮದುವೆಯಾದ ಮೇಲೆ ಆ ಮನೆಯಲ್ಲಿ ಅವಳ ಕೈಗೆ ಸಿಕ್ಕ ಮೊದಲ ಅಧಿಕಾರ ಅದು.

ಕೊನೆಗೆ ಒಳಗೆ ಹೋದಾಗ ರಾಹೇಲಮ್ಮ ಗೋಡೆ ಕಡೆ ಮುಖ ಮಾಡಿದ್ದಳು. "ತಪ್ಪಾಯ್ತು ಕಣವ್ವ" ಅಂದಳು, ಒದ್ದೆ ಮಾಡಿದ್ದಕ್ಕೆ.

ಸಲೋಮಿ ಅವತ್ತು ಉಣ್ಣಲಿಲ್ಲ. ಒಲೆಯ ಮುಂದೆ ಕೂತು ಇನ್ನು ಮಾಡಲ್ಲ ಎಂದು ದೇವರಿಗೆ ಹೇಳಿದಳು. ಮರುದಿನವೂ ಮಾಡಿದಳು. ಕೈಯಲ್ಲಿ ಆಗದವಳ ಮೇಲೆ ಕೋಪ ತೀರಿಸಿಕೊಳ್ಳುತ್ತಿದ್ದೇನೆ, ತೀರಿಸಿಕೊಳ್ಳಬೇಕಾದವನು ಬೇರೆ ಎಂದು ಅವಳಿಗೆ ಸ್ಪಷ್ಟವಾಗಿತ್ತು. ಗೊತ್ತಿದ್ದರೂ ಕಾಲು ಏಳುತ್ತಿರಲಿಲ್ಲ. ಯಾರಿಗಾದರೂ ಹೇಳಿಕೊಂಡರೆ ಬಿಡಬಹುದೇನೋ. ಆದರೆ ಯಾರಿಗೆ? ಕೋಪವೇ ಇಲ್ಲದವಳಲ್ಲವೇ ಅವಳು.

ಸ್ಟೋರಿನಲ್ಲಿ ಪಕ್ಕ ಕೂರುವ, ಲೈನಿನಲ್ಲೂ ನೆರೆಯವಳಾದ ಮಾದೇವಮ್ಮನಿಗೆ ಸುಮ್ಮನೆ ಅಷ್ಟಿಷ್ಟು ಹೇಳಿದಳು.

"ನಮ್ಮತ್ತೆಗೆ ನಾನು ಅದಕ್ಕಿಂತ ಜಾಸ್ತಿ ಮಾಡಿದೀನಿ ಬುಡು" ಎಂದಳು ಮಾದೇವಮ್ಮ, ಬೀಜದಿಂದ ಕಣ್ಣೆತ್ತದೆ. "ನಿಮ್ಮ ದೇವ್ರು ಇಂಥದ್ನೆಲ್ಲ ಎಣಿಸ್ತಾ ಕೂರ್ತಾನಾ?"

"ಎಣಿಸ್ಲಿ ಬುಡ್ಲಿ, ನಂಗೆ ಕಾಣ್ತೈತಲ್ಲ."

"ಹಂಗಾದ್ರೆ ನಿನ್ ಗಂಡಂಗೆ ಹೇಳು, ಅವ್ರವ್ವನ್ನ ಅವ್ನೇ ತೊಳೀಲಿ. ಟ್ರ್ಯಾಕ್ಟ್ರು ದಿನಾ ತೊಳೀತಾನೆ, ಅವ್ವ ಏನ್ ಅದಕ್ಕಿಂತ ದೊಡ್ಡದಾ?"

ಸುತ್ತಲಿನ ಹೆಂಗಸರು ನಕ್ಕರು. ಸಲೋಮಿಯೂ ನಕ್ಕಳು. ಆದರೆ ಅವತ್ತು ಸಂಜೆ ಪ್ರಾರ್ಥನೆ ಮುಗಿಸಿ ಎದ್ದ ಗಂಡನನ್ನು ತಡೆದು ಹೇಳಿಯೇಬಿಟ್ಟಳು. "ನಾಳೆಯಿಂದ ಬೆಳಿಗ್ಗೆ ಹೊತ್ತು ಅತ್ತೆ ಬಟ್ಟೆ ನೀವು ನೋಡ್ಕೊಳಿ."

"ಗಂಡಸು ಮಾಡೋ ಕೆಲ್ಸಾನಾ ಅದು? ಅವ್ವಂಗೂ ನಾಚ್ಕೆ ಆಯ್ತದೆ."

"ನಾಚ್ಕೆ ಆಯ್ತದಾ ಅಂತ ಅವರನ್ನ ಕೇಳಿದ್ರಾ?"

"ನೋಡು, ದನಿ ಏರ್ತು. ಹೋದ ಕೋಪ ವಾಪಸ್ ಬಂದೈತೆ. ಸೈತಾನನಿಗೆ ಬಾಗ್ಲು ತೆಗೀಬೇಡ ಸಲೋಮಿ. ನಿಂಗೋಸ್ಕರ ಪ್ರಾರ್ಥನೆ ಮಾಡ್ತೀನಿ" ಎಂದು ಹೊರಗೆ ಹೋದ.

ಅವಳು ಉಪ್ಪಿಗೆ ಕೈ ಚಾಚಿದವಳು ಕಾರ್ಡಿನ ಮುಂದೆ ನಿಂತಳು. ಮುಗಿಸುತ್ತೇನೆ ಎಂದಿತ್ತು. ಅರ್ಧ ಬೆಂದ ಅನ್ನ, ಅರ್ಧ ಒಗೆದ ಬಟ್ಟೆ ಬಿಟ್ಟು ಓಡುವುದು ಅವಳಿಗೆ ಗೊತ್ತಿರುವ ಬದುಕು. ಮುಗಿಸುತ್ತೇನೆ ಅನ್ನುವವನು ಇನ್ನೂ ಮುಗಿಸಿಲ್ಲ ಎಂದು ತಾನೇ ಅರ್ಥ? ಎಲ್ಲ ಆಗಿಹೋಗಿದ್ದರೆ ಈ ಮಾತು ಕೊಡುವ ಅಗತ್ಯವೇನಿತ್ತು? ಆಗಿಹೋಯಿತು ಎಂದವಳು ತಾನು. ಅದು ನಂಬಿಕೆಯಾಗಿರಲಿಲ್ಲ, ಅವಸರವಾಗಿತ್ತು. ಆ ಅವಸರದಿಂದ ಎಲ್ಲರಿಗೂ ಅನುಕೂಲವಾಗಿತ್ತು.

ಬಾಳ್ಳುಪೇಟೆಯ ಸಭೆಗೆ ಪಾಸ್ಟರು ತಿಂಗಳಿಗೊಮ್ಮೆ ಹಾಸನದಿಂದ ಬಂದು ಕರ್ತನ ಭೋಜನ ಕೊಡುತ್ತಾರೆ. ಆ ಭಾನುವಾರವೆಂದರೆ ಸಲೋಮಿಗೆ ಹಬ್ಬ. ಅವಳು ಬಡಿಸದೆ ತಿನ್ನುವ ಊಟ ಅದೊಂದೇ, ಚೂರು ರೊಟ್ಟಿ, ಗುಟುಕು ದ್ರಾಕ್ಷಾರಸ. ರೊಟ್ಟಿ ಮುರಿಯುವ ಮೊದಲು ಪಾಸ್ಟರು, ಮನಸ್ಸಿನಲ್ಲಿ ಏನಾದರೂ ಇದ್ದರೆ ಸರಿಮಾಡಿಕೊಂಡು ಬನ್ನಿ ಅನ್ನುತ್ತಾರೆ. ಎಲ್ಲರೂ ತಲೆ ತಗ್ಗಿಸುತ್ತಾರೆ, ಒಂದು ಕ್ಷಣ ಫ್ಯಾನಿನ ಸದ್ದು ಕೇಳುತ್ತದೆ, ಮುಂದೆ ಹೋಗುತ್ತಾರೆ. ಯಾರೂ ಏಳುವ ಪದ್ಧತಿಯಿಲ್ಲ.

ಸಲೋಮಿ ಎದ್ದಳು.

"ಅಯ್ಯನವರೇ, ಹೋದ ವರ್ಷ ನಾನು ಹೇಳಿದ ಸಾಕ್ಷಿ ವಾಪಸ್ ತಗೋತೀನಿ. ನನ್ ಕೋಪ ಹೋಗಿಲ್ಲ."

ಪಾಸ್ಟರು ಹರೆಯದವರು. ಸಭಾಹಿರಿಯ ಪೌಲಪ್ಪನ ಕಡೆ ನೋಡಿದರು. ಪೌಲಪ್ಪ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಆಗಿ ಆಳುಗಳನ್ನು ಕೂಗಿ ಪಳಗಿದ ಮನುಷ್ಯ.

"ಕೂತ್ಕೊಳಮ್ಮ. ಕೊಟ್ಟ ಸಾಕ್ಷಿ ವಾಪಸ್ ತಗೊಂಡ್ರೆ ದೇವ್ರನ್ನ ಸುಳ್ಳುಗಾರನ್ನ ಮಾಡ್ದಂಗೆ."

"ದೇವ್ರನ್ನಲ್ಲ ಅಯ್ಯಾ, ನನ್ನನ್ನ. ತೆಗೀತೀನಿ ಅಂದೋನು ಅವನು. ತೆಗೆದಾಯ್ತು ಅಂದೋಳು ನಾನು."

ಹೆಂಗಸರ ಬೆಂಚಿನಲ್ಲಿ ಯಾರೋ ಕೆಮ್ಮಿದಂತೆ ನಕ್ಕರು. ಸಲೋಮಿ ಮುಂದುವರಿಸಿದಳು. "ನನ್ ಪಾಪ ಏನು ಅಂತಾನೂ ಹೇಳ್ತೀನಿ. ಅತ್ತೆ ಕೂಗಿದ್ರೆ ಬೇಕಂತಲೇ ಎದ್ದೋಗಲ್ಲ. ಒದ್ದೇಲಿ ಮಲಗ್ಲಿ ಅಂತ ಕೂತಿರ್ತೀನಿ. ಇದು ಪಾಪ. ಇದನ್ನ ಬಿಡೋಕೆ ಹೊಡೆದಾಡ್ತಿದೀನಿ, ಸೋಲ್ತಾನೂ ಇದೀನಿ. ಆದ್ರೆ ನಿಮ್ಮವ್ವನ ಬಟ್ಟೆ ನೀವೂ ಒಗೀರಿ ಅಂತ ಗಂಡಂಗೆ ಹೇಳಿದ್ದು ಪಾಪ ಅಲ್ಲ. ಅದನ್ನೂ ಇದನ್ನೂ ಸೇರಿಸಿ ಒಂದೇ ಗಂಟು ಕಟ್ಬೇಡಿ."

ಸಾಮುವೇಲ ಹಾಡಿನ ಪುಸ್ತಕದೊಳಗೆ ಮುಖ ಹುದುಗಿಸಿದ್ದ.

"ಮೊದ್ಲು ಗಂಡನ ಹತ್ರ ಮಾಪು ಕೇಳು" ಎಂದ ಪೌಲಪ್ಪ. "ಸಭೆ ಮುಂದೆ ಅವನ ಮರ್ಯಾದೆ ತೆಗ್ದೆ. ಕೇಳಿದ್ರೆ ರೊಟ್ಟಿ."

"ಅತ್ತೆ ಹತ್ರ ಕೇಳ್ತೀನಿ. ಇವರ ಹತ್ರ ಕೇಳಲ್ಲ."

ಪಾಸ್ಟರು ಮೆಲ್ಲಗೆ, "ಈ ತಿಂಗಳು ಬೇಡ ಅಮ್ಮ" ಎಂದರು. ತಟ್ಟೆ ಅವಳ ಮುಂದೆ ಬಂದು, ನಿಲ್ಲದೆ ಪಕ್ಕದವಳಿಗೆ ಹೋಯಿತು. ಚಾಚಿದ್ದ ಕೈಯನ್ನು ಸಲೋಮಿ ಕೂಡಲೇ ಹಿಂದಕ್ಕೆ ತೆಗೆಯಲಿಲ್ಲ. ಎದ್ದು ಹೋಗುತ್ತಾಳೆ ಎಂದು ಕಾದವರಿಗೆ ಆ ಸಂತೋಷವನ್ನೂ ಕೊಡಲಿಲ್ಲ. ಕೊನೆಯ ಹಾಡಿಗೆ ಸಾಮುವೇಲನ ದನಿ ಏಳಲಿಲ್ಲ, ಅವಳೇ ಎತ್ತಿಕೊಂಡಳು.

ಆರಾಧನೆ ಮುಗಿದ ಮೇಲೆ ಏಳಲಾಗದವರ ಮನೆಗೆ ಪಾಸ್ಟರು ಭೋಜನ ಒಯ್ಯುವುದು ರೂಢಿ. ಪೌಲಪ್ಪನೊಂದಿಗೆ ಲೈನಿಗೆ ಬಂದರು. ರಾಹೇಲಮ್ಮನ ತಲೆಯ ಕೆಳಗೆ ದಿಂಬು ಏರಿಸಿ ಕೂರಿಸಿದವಳು ಸಲೋಮಿಯೇ. ಪಾಸ್ಟರು ರೊಟ್ಟಿಯ ಡಬ್ಬಿ ತೆರೆದಾಗ ಅವಳು ಮಂಚದ ಅಂಚಿನಲ್ಲಿ ಕೂತಳು.

"ಅತ್ತೆ, ಒಂದು ಮಾತೈತೆ. ಮಧ್ಯಾಹ್ನ ನೀವು ಕೂಗ್ತಿದ್ರಲ್ಲ, ನಾನು ಸ್ಟೋರಿಂದ ಬಂದಿರ್ಲಿಲ್ಲ ಅಂತಲ್ಲ. ಹಿತ್ಲಲ್ಲೇ ಇದ್ದೆ. ಕೇಳಿಸ್ಕೊಂಡೂ ಬರ್ಲಿಲ್ಲ."

"ಗೊತ್ತಿತ್ತು" ಎಂದಳು ರಾಹೇಲಮ್ಮ. "ನೀನು ಚಾ ಊದ್ಕೊಂಡು ಕುಡಿಯೋ ಸದ್ದು ಕೇಳ್ತಿತ್ತು. ನಂಗೆ ಮುರಿದಿರೋದು ಸೊಂಟ, ಕಿವಿ ಅಲ್ಲ."

ಸಲೋಮಿ ಅತ್ತೆಯ ಕಡೆ ಬಾಗಿದಳು. "ಮತ್ಯಾಕೆ ನೀವೇ ತಪ್ಪಾಯ್ತು ಅಂದ್ರಿ?"

"ಇನ್ನೇನ್ ಅನ್ಲಿ? ಅಷ್ಟು ಹೊತ್ತಿಗಾದ್ರೂ ಬರೋಳು ನೀನೊಬ್ಳೇ, ಬೈದ್ರೆ ನೀನೂ ಬರದಂಗಾದ್ರೆ?"

ಬಾಗಿಲ ಬಳಿ ನಿಂತಿದ್ದ ಸಾಮುವೇಲ ಒಂದು ಹಾಡು ಗುನುಗಲು ಶುರುಮಾಡಿದ.

"ಹಾಡು ನಿಲ್ಸು ಸಾಮು" ಎಂದಳು ತಾಯಿ. "ನಾನು ಕೂಗ್ವಾಗ ನೀನೆಲ್ಲಿದ್ದೆ?"

"ಅವ್ವಾ, ನಾನು ದಿನಾ ನಿನಗೋಸ್ಕರ ಪ್ರಾರ್ಥನೆ..."

"ನೀನು ಪ್ರಾರ್ಥನೆ ಮಾಡ್ತಿದ್ದುದು ಸಂಜೆ. ನಂಗೆ ಒದ್ದೆಯಾಗ್ತಿದ್ದುದು ಮಧ್ಯಾಹ್ನ. ಇವಳು ಲೇಟಾಗಿ ಬಂದ್ಲು, ಪಾಪ ಮಾಡ್ದೆ ಅಂತ ಹೇಳ್ಕೊಂಡ್ಲು. ನೀನು ಒಂದಿನಾನೂ ಬರ್ಲಿಲ್ಲ, ನಿಂಗೆ ಫೋನಲ್ಲಿ ಹೊಗಳಿಕೆ." ಉಸಿರು ತೆಗೆದುಕೊಂಡು ಸೊಸೆಯ ಕಡೆ ತಿರುಗಿದಳು. "ಆವತ್ತು ಹೊಟ್ಟೆ ಉರಿದೋಯ್ತು ಕಣೇ. ಒಂದೇ ಏಟಿಗೆ ಮಾಪು ಮಾಡಕ್ಕೆ ನಂಗೆ ಬರಲ್ಲ. ಶುರು ಮಾಡ್ತೀನಿ."

"ಅಷ್ಟು ಸಾಕು ಅತ್ತೆ."

ಪಾಸ್ಟರು ರೊಟ್ಟಿಯ ಚೂರನ್ನು ರಾಹೇಲಮ್ಮನ ಬಾಯಿಯ ಬಳಿ ತಂದರು. ಮುದುಕಿ ಬಾಯಿ ತೆರೆಯಲಿಲ್ಲ. "ಇವಳಿಗೆ?" ಎಂದಳು.

"ಅವಳಿಗೆ ಈ ತಿಂಗಳು ಇಲ್ಲ" ಎಂದ ಪೌಲಪ್ಪ. "ಸಭೇಲಿ ತೀರ್ಮಾನ ಆಗೈತೆ."

"ಸಭೇಲಿ ಒದ್ದೆಯಾಗಿ ಮಲಗಿದ್ದೋರು ಯಾರಪ್ಪ, ನೀನಾ?"

ಪಾಸ್ಟರು ಡಬ್ಬಿಯನ್ನೇ ನೋಡುತ್ತ ನಿಂತರು. ಆಮೇಲೆ ಇನ್ನೊಂದು ಚೂರು ಮುರಿದರು. "ನೋವು ತಿಂದವರೇ ಕೊಡಿ ಅಂದಮೇಲೆ ತಡೆಯೋಕೆ ನಾನ್ಯಾರು ಪೌಲಪ್ಪನವರೇ? ನಾನು ಅಲ್ಲೇ ಕೊಡಬೇಕಾಗಿತ್ತು."

"ಇದು ಕಮಿಟಿಗೆ ಹೋಗ್ತದೆ."

"ಹೋಗ್ಲಿ ಅಯ್ಯಾ" ಎಂದಳು ಸಲೋಮಿ. "ಕರೆದ್ರೆ ಬರ್ತೀನಿ. ಅಲ್ಲೂ ಇದನ್ನೇ ಹೇಳ್ತೀನಿ." ಅಂಗೈ ಚಾಚಿದಳು. ಒಗೆದು ಒಗೆದು ಸೋಡಾಪುಡಿಗೆ ಬಿರಿದ ಅಂಗೈ. ಅತ್ತೆ, ಸೊಸೆ ಒಟ್ಟಿಗೆ ತಿಂದರು.

ಮರುದಿನ ಬೆಳಿಗ್ಗೆ ರಾಹೇಲಮ್ಮ ಸೊಸೆಯನ್ನು ಕೂಗಲಿಲ್ಲ, ಮಗನನ್ನು ಕೂಗಿದಳು. ಏಳುವವರೆಗೂ ಕೂಗಿದಳು, ಲೈನಿಗೆಲ್ಲ ಕೇಳಿಸಿತು. ಅವನು ಮೂಗು ಮುಚ್ಚಿಕೊಂಡು ಬಟ್ಟೆ ಎತ್ತಿದ, ಹಿಂಡದೆ ತಂತಿಗೆ ಹಾಕಿದ. ಮತ್ತೊಂದು ದಿನ ಟ್ರ್ಯಾಕ್ಟರ್ ನೆಪ ಹೇಳಿ ತಪ್ಪಿಸಿಕೊಂಡ. ಮುದುಕಿ ಅದರ ಮರುದಿನ ಇನ್ನೂ ಜೋರಾಗಿ ಕೂಗಿದಳು. ಸಲೋಮಿ ನೀರು ಸೋರುವ ಬಟ್ಟೆಯನ್ನು ನೋಡಿಯೂ ಮತ್ತೆ ಹಿಂಡಿ ಹಾಕದೆ ಕೈ ಕಟ್ಟಿ ನಿಂತಳು. ಅವಳಿಗೆ ಅದೂ ಸುಲಭವಿರಲಿಲ್ಲ.

ಕಾಫಿ ಹೂವಾಗುವ ಹೊತ್ತಿಗೊಂದು ಮಧ್ಯಾಹ್ನ ಹಳೆಯದು ಮತ್ತೆ ಬಂತು. ಒಳಗಿಂದ ಅತ್ತೆ ಕರೆದಳು. ಸಲೋಮಿಯ ಕಾಲು ಏಳಲಿಲ್ಲ, ಅದೇ ರುಚಿ ನಾಲಿಗೆಗೆ ಬಂತು.

"ಬಂದ್ಯಾ" ಎಂದಳು ಆ ರುಚಿಗೇ, ಗಟ್ಟಿಯಾಗಿ. "ಮೊನ್ನೆ ಗೆದ್ದೆ, ಇವತ್ತೂ ಗೆಲ್ತೀನಿ ಅಂತಿದೀಯ. ಮುಗಿಸ್ತೀನಿ ಅಂತ ಮಾತು ಕೊಟ್ಟಿರೋನು ನಂಗೆ ಕೊಟ್ಟವ್ನೆ, ನಿಂಗಲ್ಲ."

ಬೇಲಿಯಾಚೆ ಬಟ್ಟೆ ಹರವುತ್ತಿದ್ದ ಮಾದೇವಮ್ಮ ತಲೆ ಎತ್ತಿದಳು. "ಯಾರ್ ಜೊತೆ ಜಗಳ ಆಡ್ತಿದ್ದೀಯೆ ಒಬ್ಳೇ?"

"ಆಮೇಲ್ ಹೇಳ್ತೀನಿ ಇರು" ಎಂದು ಸಲೋಮಿ ಎದ್ದು ಒಳಗೆ ಹೋದಳು.