ಡಾಲ್ಫಿನ್ ದೋಣಿಯಲ್ಲಿ ಹೆಣ್ಣು ನೋಡಿದ್ದು

ಕ್ಲಿಯರ್ ಲೇಕ್‌ನಲ್ಲಿರುವ ಆಂಟಿ ಫೋನಿನಲ್ಲಿ ಹೇಳಿದ್ದು "ವೇಲ್ ನೋಡಕ್ಕೆ ಹೋಗೋಣ ಬಾ" ಎಂದು. ಹ್ಯೂಸ್ಟನ್ ಹತ್ತಿರದ ಗ್ಯಾಲ್ವೆಸ್ಟನ್ ದಡದ ನೀರಿನಲ್ಲಿ ತಿಮಿಂಗಿಲ ಎಲ್ಲಿಂದ ಬರಬೇಕು? ಅಲ್ಲಿರುವುದು ಡಾಲ್ಫಿನ್. ಆಂಟಿಗೆ ಎರಡೂ ಒಂದೇ. ಅವರು ತೋರಿಸಬೇಕೆಂದಿದ್ದುದು ಹುಡುಗನನ್ನು.

ಆಂಟಿ ನನ್ನ ಅಮ್ಮನ ಹಳೆಯ ಗೆಳತಿ. ಹೋಟೆಲಿನಲ್ಲಿ ಕೂರಿಸಿದರೆ ಇಂಟರ್‌ವ್ಯೂ ಆಗುತ್ತದೆ, ಮನೆಗೆ ಕರೆದರೆ ಹಳೇ ಕಾಲದ ಉಪ್ಪಿಟ್ಟು, ಕೇಸರಿಬಾತು ಆಗುತ್ತದೆ, ದೋಣಿಯಾದರೆ ಕ್ಯಾಶುಯಲ್ ಎಂಬುದು ಅವರ ಲೆಕ್ಕಾಚಾರ. ಮಧ್ಯದಲ್ಲಿ ಯಾರೂ ಎದ್ದು ಹೋಗುವ ಹಾಗಿಲ್ಲ ಎಂಬುದು ಅವರಿಗೆ ಹೊಳೆದಿತ್ತೋ ಇಲ್ಲವೋ. ನಾನು ರೌಂಡ್ ರಾಕ್‌ನಿಂದ ಡ್ರೈವ್ ಮಾಡಿಕೊಂಡು ಬಂದೆ. ಹುಡುಗ ತಾಯಿಯನ್ನು ಕರೆದುಕೊಂಡು ದ ವುಡ್‌ಲ್ಯಾಂಡ್ಸ್‌ನಿಂದ ಬಂದ. ಹುಬ್ಬಳ್ಳಿ ಕಡೆಯವರು, ತಾಯಿ ಮಗನ ಜೊತೆಯಲ್ಲೇ ಇರುವವರು.

ನನಗೆ ಮೊದಲೊಂದು ಮದುವೆಯಾಗಿ, ಮೂರು ವರ್ಷಕ್ಕೆ ಡಿವೋರ್ಸ್ ಆಗಿತ್ತು. ಮೊದಲ ಫೋನಿನಲ್ಲೇ ಅದನ್ನು ಹೇಳಿದ ಮೇಲೆ ಯಾವ ಸಂಬಂಧದವರೂ ಎರಡನೇ ಸಲ ಫೋನ್ ಮಾಡಿರಲಿಲ್ಲ. "ಈ ಸಲ ಬಾಯಿ ಮುಚ್ಕೊಂಡಿರು. ಮೊದಲು ಮುಖ ನೋಡ್ಲಿ, ಆಮೇಲೆ ನಾನೇ ನಿಧಾನಕ್ಕೆ ಹೇಳ್ತೀನಿ" ಎಂದು ಆಂಟಿ ತಾಕೀತು ಮಾಡಿದ್ದರು. ಹೂಂ ಅಂದಿದ್ದೆ. ಆದರೆ ಹೇಳದೆ ದಡಕ್ಕೆ ವಾಪಸ್ಸು ಬರಬಾರದು ಎಂದು ಕಾರಿನಲ್ಲೇ ನಿರ್ಧಾರ ಮಾಡಿದ್ದೆ. ನನಗೆ ಮತ್ತೆ ಮದುವೆಯಾಗುವುದು ಬೇಕಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಬೇಕಿತ್ತು. ಮುಚ್ಚಿಟ್ಟು ಮಾತ್ರ ಬೇಡವಾಗಿತ್ತು.

ದೋಣಿ ಹೊರಟಿತು. ಸೀಗಡಿ ಹಿಡಿಯುವ ದೋಣಿಗಳ ಹಿಂದೆ ಡಾಲ್ಫಿನ್‌ಗಳು ಬರುತ್ತವೆ, ಅತ್ತ ನೋಡುತ್ತಿರಿ ಎಂದು ಗೈಡ್ ಹುಡುಗಿ ಮೈಕಿನಲ್ಲಿ ಹೇಳುತ್ತಿದ್ದಳು. ನಮ್ಮವರಲ್ಲಿ ಒಬ್ಬರೂ ನೀರಿನ ಕಡೆ ನೋಡಲಿಲ್ಲ. ಆಂಟಿ ಹುಡುಗನನ್ನು, ಹುಡುಗನ ತಾಯಿ ನನ್ನನ್ನು, ಹುಡುಗ ತನ್ನ ಫೋನನ್ನು ನೋಡುತ್ತಿದ್ದರು. ನಾನು ಕೇಳಿದ್ದಕ್ಕೆಲ್ಲ ಅವನದು ಒಂದೊಂದೇ ಪದದ ಉತ್ತರ. ಕೆಲಸ ಹೇಗಿದೆ? "ಫೈನ್." ಹ್ಯೂಸ್ಟನ್? "ಸೆಕೆ." ಪಾಪ, ಸಂಕೋಚ ಇರಬೇಕು ಅಂದುಕೊಂಡೆ.

ಬಂದರು ದಾಟಿದ್ದೇ ತಡ, ದೋಣಿ ಹೊಯ್ದಾಡತೊಡಗಿತು. ತಾಯಿಯ ಮುಖ ಬಿಳಿಚಿಕೊಂಡಿತು. ಆಂಟಿ ಅವರನ್ನು ನಡುವಿನ ಬೆಂಚಿಗೆ ಕರೆದುಕೊಂಡು ಹೋಗಿ, ನಮ್ಮಿಬ್ಬರನ್ನು ಕಂಬಿಯ ಹತ್ತಿರ ಬಿಟ್ಟರು. ಹೋಗುವಾಗ, ಬಾಯಿ ಬಿಡಬೇಡ ಎಂದು ನನ್ನತ್ತ ಕಣ್ಣು ಬಿಡುವುದನ್ನು ಮರೆಯಲಿಲ್ಲ. ನಾನು ಡಿವೋರ್ಸಿನ ವಿಷಯ ಹೇಳಿಯೇಬಿಟ್ಟೆ.

ಅವನು ಫೋನ್ ಜೇಬಿಗಿಟ್ಟ. "ನನಗೇನೂ ಪ್ರಾಬ್ಲಮ್ ಇಲ್ರಿ" ಎಂದ. ಅಬ್ಬಾ, ನನಗೆ ಅಳುವೇ ಬಂದಂತಾಯಿತು. ಆಮೇಲೆ ಸೇರಿಸಿದ: "ಅವ್ವಗ ಮಾತ್ರ ಹೇಳೋದು ಬ್ಯಾಡ."

"ಈಗ ಬೇಡವಾ?"

"ಯಾವಾಗ್ಲೂ."

ಅಷ್ಟರಲ್ಲಿ ಗೈಡ್ ಬಲಗಡೆಗೆ ಕೈ ತೋರಿಸಿ ಕೂಗಿದಳು. ಜನವೆಲ್ಲ ಆ ಬದಿಗೆ ನುಗ್ಗಿತು. ಅವನೂ ಫೋನ್ ತೆಗೆದು ಆ ಕಡೆ ಹೋದ. "ಅಯ್ಯೋ ವೇಲು, ವೇಲು!" ಎನ್ನುತ್ತ ಆಂಟಿಯೂ ಓಡಿದರು.

ಬೆಂಚಿನ ಮೇಲೆ ಆ ತಾಯಿ ಒಬ್ಬರೇ ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದಲ್ಲಿ ಕೂತು, ಬ್ಯಾಗಿನಲ್ಲಿದ್ದ ಶುಂಠಿ ಪೆಪ್ಪರ್‌ಮಿಂಟ್ ಕೊಟ್ಟೆ.

"ನೀ ಹೋಗಿ ನೋಡವಾ. ನನಗ ಇದ್ದದ್ದ ಇದು. ಅಷ್ಟು ದೂರದಿಂದ ಬಂದೀದಿ."

ಅಲ್ಲ, ಇಂಥ ಹೆಂಗಸಿನ ಜೊತೆ ಜೀವಮಾನವೆಲ್ಲ ನಾಟಕ ಆಡಬೇಕೇ? ಅವನ ಮೇಲೆ ಸಿಟ್ಟು ಉಕ್ಕಿತು.

"ಆಂಟಿ, ನನಗೆ ಮೊದಲೇ ಒಂದು ಮದುವೆ ಆಗಿತ್ತು. ಬಿಟ್ಟು ಬಂದೆ."

ಅವರು ಕಣ್ಣು ತೆರೆದರು. "ಹೊಡೀತಿದ್ನೇನು?"

"ಇಲ್ಲ ಆಂಟಿ."

"ಕುಡೀತಿದ್ನ?"

"ಅದೂ ಇಲ್ಲ."

"ಮತ್ಯಾಕ ಬಿಟ್ಟಿ?"

"ಮಾತೇ ಆಡ್ತಿರಲಿಲ್ಲ. ಮನೇಲಿ ನಾನೊಬ್ಬಳೇ ಇದ್ದ ಹಾಗಿತ್ತು."

ಅವರು ಪೆಪ್ಪರ್‌ಮಿಂಟನ್ನು ಬಾಯಲ್ಲಿ ಈ ಕಡೆಯಿಂದ ಆ ಕಡೆ ಮಾಡಿದರು. ಮಗನ ಕಡೆ ನೋಡಿದರು. ಅವನು ವಿಡಿಯೊ ಮಾಡುತ್ತಿದ್ದ. ಪಕ್ಕದಲ್ಲಿ ಆಂಟಿ ಏನೇನೋ ಕೇಳುತ್ತಿದ್ದರು, ಅವನು ಸುಮ್ಮನೆ ತಲೆಯಾಡಿಸುತ್ತಿದ್ದ.

"ಇವನೂ ಆಡಂಗಿಲ್ಲವಾ" ಅಂದರು. "ಇವರಪ್ಪಾರೂ ಹಿಂಗ ಇದ್ರು. ನಾ ಹೆಂಗೋ ಕಾಲ ಕಳದೆ. ನೀ ವಿಚಾರ ಮಾಡು."

ಮರುದಿನ ಆಂಟಿಗೆ ಫೋನ್ ಮಾಡಿ ಬೇಡ ಎಂದೆ. ಅವರು ತಿಂಗಳುಗಟ್ಟಲೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವನಿಗೆ ಡಾಲಸ್ ಕಡೆಯ ಹುಡುಗಿಯೊಬ್ಬಳ ಜೊತೆ ಮದುವೆಯಾಯಿತು ಎಂದು ಅವರೇ ತಿಳಿಸಿದರು. ಹುಡುಗನಿಗಾಗಿ ನಾನು ಒಂದು ದಿನವೂ ಬೇಜಾರು ಮಾಡಿಕೊಂಡವಳಲ್ಲ. ಆದರೆ ಅಂಥ ಅತ್ತೆ ಬೇರೆ ಯಾರಿಗೋ ಸಿಕ್ಕಿಬಿಟ್ಟರಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.